ಗಿಳಿ ಹೋದ ಮೇಲೆ ಅಕ್ಕಿ ಕೆಟ್ಟಿತೇ?

ಪ್ರಶ್ನೆ: ಕಾರಟಗಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಅಪ್ಪಾಜಿ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸೋನಾ ಮಸೂರಿಯನ್ನು ನಮ್ಮದೇ ಚೀಲದಲ್ಲಿ ತುಂಬಿ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗೆ ಕಳಿಸುತ್ತೇವೆ. ಮೊದಲಿನ ಚೀಲದ ಮೇಲೆ ಕೆಂಪು ಅಕ್ಷರ, ನಡುವೆ ದೊಡ್ಡ ಹಸಿರು ಗಿಳಿ ಇತ್ತು. ಹಳೇ ಕಾಲದ್ದು ಅನಿಸುತ್ತದೆ ಎಂದು ಕಳೆದ ದೀಪಾವಳಿ ಹೊತ್ತಿಗೆ ಬದಲಿಸಿದೆವು. ಈಗ ನೀಲಿ ಚೀಲ, ಬಂಗಾರದ ಅಕ್ಷರ, ಇಂಗ್ಲಿಷ್ ಹೆಸರು. ಗಿಳಿ ಇಲ್ಲ. ಚೀಲದ ಫೋಟೋ ಜೊತೆಗೆ ಕಳಿಸಿದ್ದೇನೆ. ಗಿಳಿಗೆ ಅಪ್ಪಾಜಿ ಟ್ರೇಡ್‌ಮಾರ್ಕ್ ಮಾಡಿಸಿಲ್ಲ. ಅಕ್ಕಿ ಅದೇ, ಮಿಷನ್ ಅದೇ. ಆದರೆ ಜನವರಿಯಿಂದ ಹುಬ್ಬಳ್ಳಿ ಅಂಗಡಿಯವರು 'ಅಕ್ಕಿ ಮೊದ್ಲಿನ್ಹಂಗ ಇಲ್ಲಂತ್ರೀ, ಗಿರಾಕಿ ವಾಪಸ್ ತರಾಕತ್ತಾರ' ಅನ್ನುತ್ತಿದ್ದಾರೆ. ಬೆಂಗಳೂರಿನ ಆರ್ಡರ್ ಕೂಡ ಇಳಿದಿದೆ. ಚೀಲ ಬದಲಾದರೆ ರುಚಿ ಬದಲಾಗುತ್ತದಾ? ಈಗ ಜಾಹೀರಾತು ಕೊಡಬೇಕಾ, ರೇಟ್ ಇಳಿಸಬೇಕಾ?

ಉತ್ತರ: ರೇಟ್ ಇಳಿಸಬೇಡಿ. ಜಾಹೀರಾತಿಗೂ ಸದ್ಯಕ್ಕೆ ದುಡ್ಡು ಹಾಕಬೇಡಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪತ್ರದ ಒಂದು ಮಾತಿನ ಮೇಲೆ ನನಗೆ ಅನುಮಾನ ಇದೆ. 'ಅಕ್ಕಿ ಅದೇ' ಎಂದಿದ್ದೀರಿ. ನಿಜವಾಗಿ ಅದೇನಾ?

ದಿನ ಲೆಕ್ಕ ಹಾಕಿ ನೋಡಿ. ಚೀಲ ಬದಲಾಗಿದ್ದು ದೀಪಾವಳಿಗೆ. ದೂರು ಬಂದಿದ್ದು ಜನವರಿಯಿಂದ. ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಏನು ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಗಾರು ಭತ್ತದ ಕೊಯ್ಲಾಗಿ ಹೊಸ ಮಾಲು ಮಿಲ್ಲಿಗೆ ಬರುತ್ತದೆ. ಹೊಸ ಅಕ್ಕಿ ಕಡಿಮೆ ನೀರು ಹೀರುತ್ತದೆ, ಅನ್ನ ಅಂಟಂಟಾಗುತ್ತದೆ. ಹಳೇ ಅಕ್ಕಿ ಜಾಸ್ತಿ ನೀರು ಕುಡಿದು ಉದುರು ಉದುರಾಗಿ ಅರಳುತ್ತದೆ. ಮನೆಯಲ್ಲಿ ಅಡುಗೆ ಮಾಡುವವರು ಚೀಲ ಬದಲಾಯಿತು ಅಂತ ಲೋಟದ ಅಳತೆ ಬದಲಿಸುವುದಿಲ್ಲ. ದಿನಾ ಹಾಕುವಷ್ಟೇ ನೀರು ಹಾಕುತ್ತಾರೆ. ಅನ್ನ ಮುದ್ದೆಯಾಗುತ್ತದೆ. ಸಿಟ್ಟು ಎದುರಿಗೆ ಕಾಣುವ ನೀಲಿ ಚೀಲದ ಮೇಲೆ ಬರುತ್ತದೆ.

'ಹೊಸ ಅಕ್ಕಿ ಪ್ರತಿ ವರ್ಷ ಬರುತ್ತದೆ, ಆಗ ಯಾರೂ ವಾಪಸ್ ತರುತ್ತಿರಲಿಲ್ಲ' ಎಂದು ನೀವು ಹೇಳಬಹುದು. ನನ್ನ ಉತ್ತರದ ತಿರುಳು ಅಲ್ಲೇ ಇದೆ. ಗಿಳಿ ಚೀಲದ ಅನ್ನ ಮುದ್ದೆಯಾದಾಗ ಆ ಮನೆಯವರು 'ಈ ಸಲ ಹೊಸ ಅಕ್ಕಿ ಬಂದಿರಬೇಕು, ನಾಳೆ ನೀರು ಕಡಿಮೆ ಹಾಕೋಣ' ಅಂದುಕೊಂಡು ಸುಮ್ಮನಾಗುತ್ತಿದ್ದರು. ವರ್ಷಗಟ್ಟಲೆ ಒಳ್ಳೆಯ ಅನ್ನ ಉಂಡ ನೆನಪು ಗಿಳಿಗೆ ಅಂಟಿಕೊಂಡಿತ್ತು. ಆ ನೆನಪು ಒಂದೆರಡು ಕೆಟ್ಟ ದಿನಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ನೀಲಿ ಚೀಲದ ಹಿಂದೆ ಅಂಥ ನೆನಪೇ ಇಲ್ಲ. ಅದೇ ಮುದ್ದೆ ಅನ್ನ ಈಗ 'ಮೋಸ' ಆಗಿ ಕಾಣುತ್ತದೆ.

ಹಾಗಾಗಿ ಅಕ್ಕಿಯದೆಷ್ಟು, ಚೀಲದ್ದೆಷ್ಟು ಅಂತ ಮೊದಲು ಬೇರೆ ಮಾಡಬೇಕು. ಇದಕ್ಕೆ ಲ್ಯಾಬ್ ಬೇಡ. ಹಳೇ ಗಿಳಿ ಚೀಲದ ಅಕ್ಕಿ ಯಾರದಾದರೂ ಮನೆಯಲ್ಲಿ, ಅಂಗಡಿಯ ಮೂಲೆಯಲ್ಲಿ ಉಳಿದಿದ್ದರೆ ತರಿಸಿ. ಅದನ್ನೂ ಈಗಿನ ಅಕ್ಕಿಯನ್ನೂ ಒಂದೇ ಅಳತೆ ನೀರಿನಲ್ಲಿ, ಮನೆಯಲ್ಲಿ ಮಾಡುವಂತೆಯೇ ಬೇಯಿಸಿ. ಒಬ್ಬೊಬ್ಬರ ಮುಂದೆ ಮೂರು ತಟ್ಟೆ ಇಡಿ. ಎರಡರಲ್ಲಿ ಒಂದೇ ಅಕ್ಕಿ, ಇನ್ನೊಂದರಲ್ಲಿ ಬೇರೆ. ತಟ್ಟೆಯ ಜಾಗ ಪ್ರತಿ ಸಲ ಅದಲು ಬದಲು ಮಾಡಿ. ಬೇರೆಯದು ಯಾವುದು ಎಂದಷ್ಟೇ ಕೇಳಿ. ಆಹಾರ ಕಂಪನಿಗಳು ಇದನ್ನು ಟ್ರಯಾಂಗಲ್ ಟೆಸ್ಟ್ ಅನ್ನುತ್ತವೆ. 30 ಜನ ತಿಂದರೆ 10 ಜನ ಸುಮ್ನೆ ಊಹೆಯ ಮೇಲೇ ಸರಿ ಹೇಳಿಬಿಡುತ್ತಾರೆ. 15 ಅಥವಾ ಅದಕ್ಕಿಂತ ಜಾಸ್ತಿ ಜನ ಗುರುತಿಸಿದರೆ ಅಕ್ಕಿಯಲ್ಲೇ ವ್ಯತ್ಯಾಸ ಇದೆ ಎಂದು ನಂಬಬಹುದು. ಹಳೇ ಚೀಲದಲ್ಲಿ ಉಳಿದ ಅಕ್ಕಿಗೆ ಈಗ ಇನ್ನೂ ವಯಸ್ಸಾಗಿದೆ ಎನ್ನುವುದು ಮಾತ್ರ ನೆನಪಿರಲಿ.

ಎರಡನೇ ಪರೀಕ್ಷೆ ಇನ್ನೂ ಮಜವಾಗಿದೆ. ಈ ಸಲ ಅಕ್ಕಿ ಒಂದೇ, ಈಗಿನದು. ಅರ್ಧ ಜನರ ಎದುರು ಗಿಳಿ ಚೀಲದಿಂದ ತೆಗೆದು ಬೇಯಿಸಿ, ಉಳಿದ ಅರ್ಧ ಜನರ ಎದುರು ನೀಲಿ ಚೀಲದಿಂದ. ಮೆತ್ತಗಿದೆಯಾ, ಉದುರಾಗಿದೆಯಾ, ವಾಸನೆ ಹೇಗಿದೆ ಅಂತ ಮಾರ್ಕ್ಸ್ ಹಾಕಿಸಿ. ಹಳೇ ಗಿರಾಕಿಗಳ ಮಾರ್ಕ್ಸು, ನಿಮ್ಮ ಅಕ್ಕಿಯನ್ನು ಎಂದೂ ತಿನ್ನದವರ ಮಾರ್ಕ್ಸು ಬೇರೆ ಬೇರೆ ಬರೆದಿಡಿ. ಹಳೇ ಗಿರಾಕಿಗಳು ಗಿಳಿಗೆ ಜಾಸ್ತಿ ಕೊಟ್ಟು, ಹೊಸಬರು ಎರಡಕ್ಕೂ ಒಂದೇ ಥರ ಕೊಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ.

ಹೌದು, ಚೀಲ ಬದಲಾದರೆ ರುಚಿ ಬದಲಾಗುತ್ತದೆ. ಇದು ಗಿರಾಕಿಯ ನಾಟಕವಲ್ಲ. ಅಮೆರಿಕದಲ್ಲಿ 1964ರಲ್ಲಿ ಆಲಿಸನ್ ಮತ್ತು ಉಲ್ ಎಂಬ ಇಬ್ಬರು ಬಿಯರ್ ಕುಡಿಯುವವರಿಗೆ ಲೇಬಲ್ ಇಲ್ಲದ ಬಾಟಲಿ ಕೊಟ್ಟು ನೋಡಿದರು. 'ನನಗೆ ಇದೇ ಬ್ರ್ಯಾಂಡ್ ಬೇಕು' ಎನ್ನುತ್ತಿದ್ದವರು ತಮ್ಮ ಬ್ರ್ಯಾಂಡನ್ನೇ ಗುರುತಿಸಲಿಲ್ಲ. ಲೇಬಲ್ ಹಾಕಿ ಕೊಟ್ಟಾಗ ತಮ್ಮದಕ್ಕೆ ಜಾಸ್ತಿ ಅಂಕ ಕೊಟ್ಟರು. 2004ರಲ್ಲಿ ಇನ್ನೊಂದು ತಂಡ ಕೋಕ್, ಪೆಪ್ಸಿ ಕುಡಿಸುತ್ತಾ ಮೆದುಳಿನ ಸ್ಕ್ಯಾನ್ ಮಾಡಿತು. 'ಇದು ಕೋಕ್' ಎಂದು ತೋರಿಸಿ ಕೊಟ್ಟಾಗ ಜನರ ಇಷ್ಟ ಆ ಕಡೆ ವಾಲಿತು. ಅದರ ಜೊತೆಗೆ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗವೂ ಎಚ್ಚೆತ್ತಿತು. ನಾಲಿಗೆ ಬಾಯಲ್ಲಿ ಇರುವುದನ್ನಷ್ಟೇ ರುಚಿ ನೋಡುವುದಿಲ್ಲ. ತಲೆಯಲ್ಲಿ ಇರುವುದನ್ನೂ ಸೇರಿಸಿಕೊಂಡು ನೋಡುತ್ತದೆ.

ತಲೆಯಲ್ಲಿ ಏನಿರುತ್ತದೆ? ಕಾಲಿನ್ಸ್ ಮತ್ತು ಲಾಫ್ಟಸ್ ಎಂಬ ಮನೋವಿಜ್ಞಾನಿಗಳು 1975ರಲ್ಲಿ ಕೊಟ್ಟ ವಿವರಣೆಯನ್ನು ಮಾರ್ಕೆಟಿಂಗ್‌ನವರು ಇವತ್ತಿಗೂ ಬಿಟ್ಟಿಲ್ಲ. ನೆನಪುಗಳು ಒಂದಕ್ಕೊಂದು ಎಳೆಯಲ್ಲಿ ಕಟ್ಟಿಕೊಂಡಿರುತ್ತವೆ. ಒಂದನ್ನು ಮುಟ್ಟಿದರೆ ಅಕ್ಕಪಕ್ಕದ್ದು ತಾನಾಗಿ ಎಚ್ಚರಾಗುತ್ತದೆ. ರಾಜಾಜಿನಗರದಲ್ಲಿರುವ ನಿಮ್ಮ ಗಿರಾಕಿಯೊಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ಹಸಿರು ಗಿಳಿ ಕಂಡ ತಕ್ಷಣ ಉದುರು ಅನ್ನ ನೆನಪಾಗುತ್ತದೆ. ಅತ್ತೆ ಇದನ್ನೇ ತರಿಸುತ್ತಿದ್ದರು ಎಂಬುದು ನೆನಪಾಗುತ್ತದೆ. ಗಂಗಾವತಿ ಕಡೆಯ ಅಕ್ಕಿ, ಕಲ್ಲು ಇರಲ್ಲ, ಶೆಟ್ಟರ ಅಂಗಡಿಯಲ್ಲಿ ಸಿಗುತ್ತೆ, ಚಿತ್ರಾನ್ನಕ್ಕೆ ಚೆನ್ನ. ಇಷ್ಟೂ ಎಳೆಗಳನ್ನೇ ಬ್ರ್ಯಾಂಡ್ ಅಸೋಸಿಯೇಷನ್ ಅನ್ನುವುದು. ಒಂದೂ ಚೀಲದ ಮೇಲೆ ಅಚ್ಚಾಗಿಲ್ಲ. ಎಲ್ಲಾ ಅವರ ತಲೆಯಲ್ಲಿವೆ. ಆದರೆ ಅವನ್ನು ಎಬ್ಬಿಸುತ್ತಿದ್ದದ್ದು ಗಿಳಿ. ಊರಿಗೆ ತಿರುಗುವ ಕಡೆ ನಿಂತಿದ್ದ ದೊಡ್ಡ ಆಲದ ಮರ ಕಡಿದರೆ ಊರು ಎಲ್ಲೂ ಹೋಗುವುದಿಲ್ಲ, ಬಂದವರು ಮಾತ್ರ ತಿರುವು ತಪ್ಪುತ್ತಾರೆ.

ನಿಮ್ಮ ಕಥೆಯನ್ನೇ ಹೋಲುವ ದೊಡ್ಡ ಕಥೆ ಒಂದಿದೆ. ಟ್ರಾಪಿಕಾನಾ ಅಂತ ಅಮೆರಿಕದ ಕಿತ್ತಳೆ ಜ್ಯೂಸ್, ಆಗ ಪೆಪ್ಸಿಕೋ ಕಂಪನಿಯದು. ಅದರ ಡಬ್ಬದ ಮೇಲೆ ಕಿತ್ತಳೆ ಹಣ್ಣಿಗೇ ಸ್ಟ್ರಾ ಚುಚ್ಚಿದ ಚಿತ್ರ ಇತ್ತು. 2009ರ ಜನವರಿಯಲ್ಲಿ ಅದನ್ನು ತೆಗೆದು, ಗ್ಲಾಸಿನಲ್ಲಿ ಜ್ಯೂಸ್ ಇರುವ ನಾಜೂಕಾದ ಚಿತ್ರ ಹಾಕಿದರು. ಒಳಗಿನ ಜ್ಯೂಸ್ ಅದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಬಿತ್ತು. ಫೆಬ್ರವರಿಯಲ್ಲೇ ಕಂಪನಿ ಹಳೇ ಡಬ್ಬ ವಾಪಸ್ ತರುತ್ತೇವೆ ಎಂದಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ದುಬಾರಿ ಡಿಸೈನರ್‌ಗಳು. ನಿಮಗೆ ಆದದ್ದೇ ಅವರಿಗೂ ಆಯಿತು.

ನಮ್ಮ ದೇಶದಲ್ಲಿ ಚಿತ್ರಕ್ಕೆ ಇನ್ನೂ ಒಂದು ಕೈ ಜಾಸ್ತಿ ಬೆಲೆ. ಬ್ರಿಟಿಷರ ಕಾಲದಲ್ಲಿ ಮ್ಯಾಂಚೆಸ್ಟರ್‌ನಿಂದ ಬರುತ್ತಿದ್ದ ಬಟ್ಟೆಯ ಥಾನುಗಳಿಗೆ ದೇವರ, ಪ್ರಾಣಿಗಳ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಇಲ್ಲಿ ಕೊಳ್ಳುವವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಬೆಂಕಿಪೊಟ್ಟಣ, ಬೀಡಿ ಕಟ್ಟು, ಅಕ್ಕಿ ಚೀಲ ಎಲ್ಲಾ ಅದೇ ದಾರಿ ಹಿಡಿದವು. ಈಗ ಹೆಚ್ಚಿನವರಿಗೆ ಓದಲು ಬರುತ್ತದೆ ನಿಜ. ಆದರೆ ಓದಲು ಬಂದವರೂ ಅಂಗಡಿಯಲ್ಲಿ ನಿಂತು ಓದುವುದಿಲ್ಲ, ಗುರುತು ಹಿಡಿಯುತ್ತಾರೆ. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 1916ರಲ್ಲಿ ಮೈಸೂರು ಸರ್ಕಾರ ಶುರು ಮಾಡಿದ ಕಾರ್ಖಾನೆಯದು. ಅದರ ಗುರುತು ಶರಭ, ಆನೆ ತಲೆ ಸಿಂಹದ ಮೈ. ಆ ಪ್ರಾಣಿಯ ಹೆಸರು ಗೊತ್ತಿಲ್ಲದವರು ಎಷ್ಟೋ ಜನ. ಆದರೆ ಕಣ್ಣು ಮುಚ್ಚಿ ಸೋಪಿನ ಮೊಟ್ಟೆಯಾಕಾರ ಮುಟ್ಟಿದರೆ, ಗಂಧದ ವಾಸನೆ ಬಂದರೆ, ಕರ್ನಾಟಕದಲ್ಲಿ ಯಾರು ತಪ್ಪು ಹೇಳುತ್ತಾರೆ?

ಇನ್ನು ನಿಮ್ಮ ಹೊಸ ಚೀಲ. ಅದು ಕೆಟ್ಟದಾಗಿದೆ ಎಂದು ನಾನು ಹೇಳುತ್ತಿಲ್ಲ. ಫೋಟೋ ನೋಡಿದೆ, ಚೆನ್ನಾಗಿಯೇ ಇದೆ. ತೊಂದರೆ ಬೇರೆ. ಕೆವಿನ್ ಲೇನ್ ಕೆಲ್ಲರ್ ಎಂಬ ಪ್ರೊಫೆಸರ್ 1993ರಲ್ಲಿ ಈ ಎಳೆಗಳನ್ನು ಅಳೆಯಲು ಮೂರು ಮಾತು ಹೇಳಿದರು. ಎಳೆ ಗಟ್ಟಿಯಾಗಿರಬೇಕು, ಒಳ್ಳೆಯದಾಗಿರಬೇಕು, ನಿಮಗಷ್ಟೇ ಸೇರಿದ್ದಾಗಿರಬೇಕು. ಮೊದಲೆರಡನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದನ್ನು ಮರೆಯುತ್ತಾರೆ. ನಿಮ್ಮ ಚೀಲದ ಮೇಲೆ ಏನೇನಿದೆ ಎಂದು ಈ ಕಣ್ಣಿನಿಂದ ನೋಡಿ. 'ಸೋನಾ ಮಸೂರಿ' ಗಟ್ಟಿ ಎಳೆ, ಒಳ್ಳೆಯ ಎಳೆ, ಆದರೆ ಅದು ಇಡೀ ಮಾರ್ಕೆಟ್ಟಿನದು. 'ಗಂಗಾವತಿ' ಎಂದರೆ ಬೆಂಗಳೂರಿನವರಿಗೆ ಭತ್ತದ ಕಣಜ. ಅದೂ ಒಳ್ಳೆಯದೇ, ಆದರೆ ನಿಮ್ಮ ಪಕ್ಕದ ಮಿಲ್ಲಿನವರೂ ಅದನ್ನೇ ಹಾಕುತ್ತಾರೆ. 'ಪ್ರೀಮಿಯಂ', 'ಗೋಲ್ಡ್', 'ರಾಯಲ್' ಪದಗಳನ್ನು ಯಶವಂತಪುರ ಎಪಿಎಂಸಿಯಲ್ಲಿ ಒಂದು ಸುತ್ತು ಹಾಕಿ ಎಣಿಸಿ ನೋಡಿ, ಸಾಕಾಗಿ ಹೋಗುತ್ತದೆ. ನಿಮಗೆ ಮಾತ್ರ ಅಂತ ಇದ್ದದ್ದು ಒಂದೇ. ಅದನ್ನೇ ತೆಗೆದುಬಿಟ್ಟಿರಿ.

ಸೋನಾ ಮಸೂರಿಯ ವಿಚಾರ ಬಂತಲ್ಲ, ಒಂದು ಕಿವಿಮಾತು. ಆ ಹೆಸರಿನ ಚೀಲದಲ್ಲಿ ಬಿಪಿಟಿ 5204 ಎಂಬ ತಳಿ ಇರಬಹುದು, ಆರ್‌ಎನ್‌ಆರ್ 15048 ಇರಬಹುದು, ಮತ್ತೊಂದಿರಬಹುದು ಎನ್ನುವುದು ನಮ್ಮ ಭಾಗದಲ್ಲಿ ಗುಟ್ಟೇನಲ್ಲ. ಬಿಪಿಟಿ 1986ರಲ್ಲಿ ಆಂಧ್ರದ ಬಾಪಟ್ಲಾದಿಂದ ಬಂದ ಸಾಂಬಾ ಮಸೂರಿ. ಆರ್‌ಎನ್‌ಆರ್ ಬಂದದ್ದು ಹೈದರಾಬಾದಿನ ರಾಜೇಂದ್ರನಗರದಿಂದ, ಕಾಳು ಇನ್ನೂ ಸಣ್ಣ. ಗಿಳಿ ಚೀಲದಲ್ಲಿ ಇಷ್ಟು ವರ್ಷ ಯಾವುದು ಹೋಗುತ್ತಿತ್ತು, ಈಗ ಯಾವುದು ಹೋಗುತ್ತಿದೆ? ಖರೀದಿ ಪುಸ್ತಕ ತೆಗೆದು ನೋಡಿ. ಭತ್ತದ ರೇಟ್ ನೋಡಿಕೊಂಡು ತಳಿ ಬದಲಿಸುವುದು ಮಿಲ್ಲಿಗೆ ಸಹಜ. ಆದರೆ ಒಂದೇ ಗುರುತಿನ ಒಳಗೆ ಅನ್ನ ಬದಲಾಗುತ್ತಿದ್ದರೆ ಯಾವ ಚಿತ್ರವೂ ನಿಮ್ಮನ್ನು ಉಳಿಸುವುದಿಲ್ಲ. ತಳಿ ಬದಲಿಸಲೇಬೇಕಾದರೆ ಬೇರೆ ಗುರುತಿನಲ್ಲಿ ಮಾರಿ.

ಆರ್‌ಎನ್‌ಆರ್ ಅಕ್ಕಿಯನ್ನು ಕೆಲವರು 'ಶುಗರ್ ಫ್ರೀ ಅಕ್ಕಿ' ಅಂತಲೂ ಮಾರುತ್ತಾರೆ. ನಿಮಗೂ ಯಾರಾದರೂ ಈ ಐಡಿಯಾ ಕೊಡಬಹುದು. ಬೇಡ. ಅದರ ಗ್ಲೈಸೆಮಿಕ್ ಇಂಡೆಕ್ಸ್ (ಉಂಡ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂಬ ಅಳತೆ) ಉಳಿದ ಅಕ್ಕಿಗಿಂತ ಕಡಿಮೆ ಎನ್ನುವುದು ಒಂದು ಮಾತು, ಶುಗರ್ ಇಲ್ಲ ಎನ್ನುವುದು ಇನ್ನೊಂದು. ಪಿಷ್ಟ ಇಲ್ಲದ ಅಕ್ಕಿ ಎಲ್ಲಿದೆ? ಅದನ್ನು ನಂಬಿ ಎರಡು ತಟ್ಟೆ ಜಾಸ್ತಿ ಉಂಡವರ ರಕ್ತ ಪರೀಕ್ಷೆ ಬಂದ ದಿನ ಆ ಎಳೆ ಹರಿಯುತ್ತದೆ. ಹರಿಯುವಾಗ ಪೂರ್ತಿ ಬ್ರ್ಯಾಂಡನ್ನೇ ಎಳೆದುಕೊಂಡು ಹೋಗುತ್ತದೆ. ಕಾನೂನಿನ ತಲೆನೋವು ಬೇರೆ.

ಒಂದು ವಸ್ತುವಿನ ಬಗ್ಗೆ ಜನರ ಭಾವನೆ ಪೂರ್ತಿ ತಿರುಗಿಬಿಡುವುದೂ ಉಂಟು. ಅದನ್ನು ನಮ್ಮ ಕೊಪ್ಪಳ, ರಾಯಚೂರು ಸೀಮೆಯವರಿಗಿಂತ ಚೆನ್ನಾಗಿ ಯಾರು ಬಲ್ಲರು? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗುವ ಮೊದಲು ಇಲ್ಲಿ ದಿನಾ ಊಟಕ್ಕೆ ಜೋಳದ ರೊಟ್ಟಿ, ಅನ್ನ ಹಬ್ಬಕ್ಕೆ. ಬಿಳಿ ಅನ್ನ ಅಂದರೆ ಅನುಕೂಲಸ್ಥರ ಊಟ. ಈಗ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಜೋಳ, ನವಣೆಯ ಪೊಟ್ಟಣಗಳು ಹಸಿರು ಎಲೆಯ ಚಿತ್ರ ಹಾಕಿಕೊಂಡು ದುಬಾರಿ ರ‍್ಯಾಕಿನಲ್ಲಿ ಕೂತಿವೆ. ಅನ್ನ ಅಂದರೆ ಡಾಕ್ಟರು ಕಡಿಮೆ ಮಾಡಿ ಅನ್ನುವ ಪದಾರ್ಥ. ರೊಟ್ಟಿಯಾಗಲಿ ಅನ್ನವಾಗಲಿ ಬದಲಾಗಿಲ್ಲ. ನಿಮ್ಮ ಧಂದೆಗೆ ಇದರಿಂದ ಬರುವ ಬಿಸಿ ನಿಧಾನಕ್ಕೆ ಬರುತ್ತದೆ, ಆದರೆ ಬರುತ್ತದೆ. ಅದು ಇವತ್ತಿನ ಪ್ರಶ್ನೆಯಲ್ಲ, ಬಿಡಿ.

ಯಾರ ತಲೆಯಲ್ಲಿ ಯಾವ ಎಳೆ ಇದೆ ಎನ್ನುವುದು ಜನರಿಂದ ಜನರಿಗೆ ಬೇರೆ. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಗಲಾಟೆಯಾಯಿತಲ್ಲ, ಅಲ್ಲಿ ಇದೇ ನಡೆದದ್ದು. ಕನ್ನಡಿಗರಿಗೆ ಆ ಸೋಪು ಎಂದರೆ ನಮ್ಮ ರಾಜ್ಯದ್ದು, ನಮ್ಮ ಹೆಮ್ಮೆಯದು. ಕನ್ನಡದ ನಟಿ ಯಾಕಿಲ್ಲ ಎಂದು ಕೇಳಿದರು. ಕರ್ನಾಟಕದ ಹೊರಗೆ ಮಾರುಕಟ್ಟೆ ಬೆಳೆಸಬೇಕು ಅಂತ ಸರ್ಕಾರ ಹೇಳಿತು. ಉತ್ತರ ಭಾರತದ ಗಿರಾಕಿಗೆ 'ನಮ್ಮದು' ಎನ್ನುವ ಎಳೆಯೇ ಇಲ್ಲ, ಅವರಿಗೆ ಗಂಧ ಮಾತ್ರ ಗೊತ್ತು. ಎರಡೂ ಕಡೆಯವರು ಒಂದೇ ಸೋಪಿನ ಬಗ್ಗೆ ಮಾತಾಡುತ್ತಿದ್ದರು, ಆದರೆ ಅವರ ತಲೆಯಲ್ಲಿ ಇದ್ದದ್ದು ಎರಡು ಬ್ರ್ಯಾಂಡ್.

ನಂದಿನಿ ಹಾಲಿನದು ಇನ್ನೊಂದು ಪಾಠ. ನಮ್ಮ ಈ ಭಾಗದ ಹಾಲನ್ನು ನೋಡಿಕೊಳ್ಳುವುದು ರಾಬಕೊವಿ, ಅಂದರೆ ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಒಕ್ಕೂಟ. ಹಾಲು ಹಾಕುವ ರೈತರಿಗೆ ಆ ಹೆಸರು ಬೇಕು. ಅಂಗಡಿಗೆ ಹೋಗಿ 'ಅರ್ಧ ಲೀಟರ್ ರಾಬಕೊವಿ ಕೊಡ್ರಿ' ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮಿಲ್ಲಿನ ಹೆಸರೂ ಹಾಗೆಯೇ. ಭತ್ತ ತರುವವರಿಗೆ, ದಲ್ಲಾಳಿಗೆ, ಬ್ಯಾಂಕಿಗೆ ಅದು ಮುಖ್ಯ. ಅಡುಗೆ ಮಾಡುವವರಿಗೆ ಗಿಳಿ ಮುಖ್ಯ. ಹೊಸ ಚೀಲದಲ್ಲಿ ಮಿಲ್ಲಿನ ಹೆಸರನ್ನು ದೊಡ್ಡದು ಮಾಡಿದ್ದೀರಿ. ಅದು ತಂದೆಯವರ ಮೇಲಿನ ಗೌರವ ಇರಬಹುದು. ಗಿರಾಕಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ರೇಟ್ ಯಾಕೆ ಇಳಿಸಬಾರದು? ನಿಮ್ಮ ಗಿರಾಕಿಗೆ ಈಗಾಗಲೇ 'ಅಕ್ಕಿ ಕೆಟ್ಟಿದೆ' ಎಂಬ ಅನುಮಾನ ಹುಟ್ಟಿದೆ. ಈಗ ಬೆಲೆ ಇಳಿಸಿದರೆ 'ನೋಡು, ಅದಕ್ಕೇ ಇಳಿಸಿದ್ದಾರೆ' ಎಂದು ಅನುಮಾನಕ್ಕೆ ಸಾಕ್ಷಿ ಸಿಕ್ಕ ಹಾಗಾಗುತ್ತದೆ. ಬೆಲೆಯೂ ಒಂದು ಎಳೆ. 2008ರಲ್ಲಿ ಟಾಟಾ ನ್ಯಾನೋ ತೋರಿಸಿದಾಗ ಒಂದು ಲಕ್ಷದ ಕಾರು ಎಂದು ಜಗತ್ತೇ ಬೆರಗಾಯಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಅದು ಸಾಹಸ. ಆದರೆ 'ಅತಿ ಅಗ್ಗದ ಕಾರು' ಎಂಬ ಹಣೆಪಟ್ಟಿ ಅಂಟಿತು. ಕಾರು ಕೊಳ್ಳುವುದೇ ನಾಲ್ಕು ಜನ ನೋಡಲಿ ಎಂದು. ಅಗ್ಗದ್ದು ಕೊಂಡೆ ಎಂದು ತೋರಿಸಿಕೊಳ್ಳಲು ಯಾರು ಇಷ್ಟಪಡುತ್ತಾರೆ? ಆ ಹಣೆಪಟ್ಟಿ ಪೆಟ್ಟು ಕೊಟ್ಟಿತೆಂದು ರತನ್ ಟಾಟಾ ಅವರೇ ಆಮೇಲೆ ಹೇಳಿದರು. 2018ರಲ್ಲಿ ಉತ್ಪಾದನೆ ನಿಂತಿತು. 'ಹಾಗಾದರೆ ನಿರ್ಮಾ ಅಗ್ಗವಾಗಿಯೇ ಗೆದ್ದಿತಲ್ಲ' ಎಂದು ಕೇಳಬಹುದು. ಗೆದ್ದಿತು. ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಶುರು ಮಾಡಿದಾಗಿನಿಂದಲೇ ಅದು ಕಡಿಮೆ ಬೆಲೆಯ ಪುಡಿ. ಮೇಲಿಂದ ಕೆಳಗೆ ಇಳಿದದ್ದಲ್ಲ. ಜನ ಇಳಿಯುವುದನ್ನು ಬೇರೆ ಥರ ಓದುತ್ತಾರೆ.

ಜಾಹೀರಾತು ಯಾಕೆ ಬೇಡ ಎನ್ನುವುದು ಇಷ್ಟು ಹೊತ್ತಿಗೆ ನಿಮಗೇ ಹೊಳೆದಿರಬೇಕು. ಏನನ್ನು ಜಾಹೀರಾತು ಮಾಡುತ್ತೀರಿ? ನೀಲಿ ಚೀಲವನ್ನೇ ಹೇಳಿದರೆ ಸೊನ್ನೆಯಿಂದ ಕಟ್ಟಬೇಕು. 'ಗಿಳಿ ಅಕ್ಕಿಯೇ ಈಗ ನೀಲಿ ಚೀಲದಲ್ಲಿ' ಎಂದರೆ ಗಿಳಿಯನ್ನು ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಆ ದುಡ್ಡಿನಲ್ಲಿ ಒಂದು ಪಾಲು ತೆಗೆದು ಜನರ ಬಾಯಿಂದ ಕೇಳಿಸಿಕೊಳ್ಳಲು ಖರ್ಚು ಮಾಡಿ. ಕೇಳುವುದಕ್ಕೂ ಒಂದು ಕ್ರಮ ಇದೆ. 'ನಮ್ಮ ಅಕ್ಕಿ ಹೆಂಗದ?' ಅಂತ ಮಾಲೀಕರೇ ಕೇಳಿದರೆ ನಮ್ಮ ಕಡೆ ಜನ 'ಚೊಲೋ ಐತಿ ಬಿಡ್ರಿ' ಎಂದೇ ಹೇಳುತ್ತಾರೆ. ಮುಖದ ಮೇಲೆ ಕೆಟ್ಟದ್ದು ಹೇಳುವವರು ಕಡಿಮೆ. ಹಾಗಾಗಿ ಮಿಲ್ಲಿನವರಲ್ಲದ ಯಾರನ್ನಾದರೂ ಕಳಿಸಿ. ಯಾವ ಚೀಲವನ್ನೂ ತೋರಿಸದೆ 'ಅಕ್ಕಿ ಅಂದ್ರೆ ಯಾವ್ಯಾವ ಚೀಲ ನೆನಪಾಗುತ್ತೆ?' ಎಂದು ಕೇಳಲಿ. ಹೇಳಿದ ಕ್ರಮದಲ್ಲೇ ಬರೆದುಕೊಳ್ಳಲಿ, ಮೊದಲು ಬಂದದ್ದಕ್ಕೆ ತೂಕ ಜಾಸ್ತಿ. ಆಮೇಲೆ ಒಂದು ಹಾಳೆ ಕೊಟ್ಟು ನಿಮ್ಮ ಚೀಲವನ್ನು ನೆನಪಿನಿಂದ ಬಿಡಿಸಲು ಹೇಳಲಿ. ಚಿತ್ರ ಚೆನ್ನಾಗಿರಬೇಕಿಲ್ಲ. ಎಲ್ಲರೂ ಗಿಳಿಯನ್ನೇ ಗೀಚಿ, ಅಕ್ಷರವನ್ನು ಯಾರೂ ಬರೆಯದಿದ್ದರೆ ನಿಮ್ಮ ಬ್ರ್ಯಾಂಡಿನ ಹೆಸರು ಏನು ಎಂದು ನಿಮಗೇ ತಿಳಿಯುತ್ತದೆ. ಬಹುಶಃ ಮಿಲ್ಲಿನವರು ಇಟ್ಟ ಹೆಸರು ಅದಾಗಿರುವುದಿಲ್ಲ.

ಮನೆಯವರು, ಖಾನಾವಳಿಯವರು, ಅಂಗಡಿಯವರು ಮೂವರನ್ನೂ ಬೇರೆ ಬೇರೆ ಕೇಳಿಸಿ. ಖಾನಾವಳಿಯವರಿಗೆ ಗಿಳಿಯೂ ಬೇಡ, ನವಿಲೂ ಬೇಡ. ಕೆಜಿಗೆ ಎಷ್ಟು ಅನ್ನ ಆಗುತ್ತದೆ, ನುಚ್ಚು ಎಷ್ಟಿದೆ, ಮಧ್ಯಾಹ್ನ ಮಾಡಿದ್ದು ರಾತ್ರಿವರೆಗೆ ಇರುತ್ತದಾ ಎಂದು ನೋಡುತ್ತಾರೆ. ಅಂಗಡಿಯವರಿಗೆ ಮಾರ್ಜಿನ್ ಮತ್ತು ವಾಪಸ್ ಬರದಿರುವುದು. ಗಿಳಿ ಕೆಲಸ ಮಾಡುವುದು ಮನೆಗಳಲ್ಲಿ. ಮನೆಗಳಲ್ಲೂ ಅಕ್ಕಿ ನೆನಪಾಗುವ ಹೊತ್ತು ಬೇರೆ ಬೇರೆ. ತಿಂಗಳ ಮೊದಲ ವಾರದ ರೇಷನ್, ಮದುವೆ ಸೀಮಂತದ ಲೆಕ್ಕ, ಮಗ ಬೆಂಗಳೂರಿನಲ್ಲಿ ರೂಮ್ ಮಾಡಿದಾಗ ಊರಿಂದ ಕಳಿಸುವ ಮೂಟೆ. ಯಾವ ಹೊತ್ತಿನಲ್ಲಿ ನಿಮ್ಮ ಗಿಳಿ ನೆನಪಾಗುತ್ತಿತ್ತು ಎಂದು ತಿಳಿದರೆ ಮುಂದೆ ಎಲ್ಲಿ ದುಡ್ಡು ಹಾಕಬೇಕೆಂದು ತಿಳಿಯುತ್ತದೆ.

ಕುರುಡು ಪರೀಕ್ಷೆಯ, ಅಂದರೆ ಯಾವುದು ಏನೆಂದು ಹೇಳದೆ ತಿನ್ನಿಸುವ ಆ ಮೂರು ತಟ್ಟೆ ಪರೀಕ್ಷೆಯ ಫಲಿತಾಂಶವನ್ನೇ ಪೂರ್ತಿ ನಂಬಬೇಡಿ ಎಂದೂ ಹೇಳಬೇಕು. ಕೋಕಾ-ಕೋಲಾ ಕಂಪನಿ ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಜನ ಹೊಸ ರುಚಿಯನ್ನೇ ಮೆಚ್ಚಿದರು ಎಂದು 1985ರ ಏಪ್ರಿಲ್‌ನಲ್ಲಿ ಕೋಕ್‌ನ ರುಚಿಯನ್ನೇ ಬದಲಿಸಿತು. 79 ದಿನಕ್ಕೆ ಹಳೆಯದನ್ನು ವಾಪಸ್ ತಂದಿತು. ಜನ ಲೇಬಲ್ ಇಲ್ಲದ ಕಪ್ಪಿನಲ್ಲಿ ಕುಡಿಯುವುದಿಲ್ಲವಲ್ಲ. ತಟ್ಟೆ ಪರೀಕ್ಷೆ ಅಕ್ಕಿಯ ಬಗ್ಗೆ ಹೇಳುತ್ತದೆ, ವ್ಯಾಪಾರದ ಬಗ್ಗೆ ಅಲ್ಲ. ಅದಕ್ಕೇ ಎರಡನೆಯದನ್ನೂ ಮಾಡಿ ಎಂದದ್ದು.

ನನ್ನ ಊಹೆ ಸರಿಯಿದ್ದರೆ, ಅಕ್ಕಿಯಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಚೀಲ ಅದನ್ನು ದೊಡ್ಡದು ಮಾಡಿರುತ್ತದೆ. ಹಾಗಾದರೆ ಎರಡಕ್ಕೂ ಮದ್ದು ಬೇಕು. ಹೊಸ ಭತ್ತವನ್ನು ಸಾಧ್ಯವಾದಷ್ಟು ದಿನ ಗೋದಾಮಿನಲ್ಲಿ ಇಟ್ಟು ಹೊಡೆಯಿರಿ. ಬಂಡವಾಳ ಕಟ್ಟಿಹಾಕಿದ ಹಾಗೆ ಆಗುತ್ತದೆ, ಗೊತ್ತು. ಆಗದಿದ್ದರೆ ಚೀಲದ ಮೇಲೆ 'ಹೊಸ ಅಕ್ಕಿ, ನೀರು ಸ್ವಲ್ಪ ಕಡಿಮೆ ಹಾಕಿ' ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಇದರಿಂದ ಸೇಲ್ ಬೀಳುತ್ತದೆ ಎಂದು ಮಿಲ್ಲಿನವರು ಹೆದರುತ್ತಾರೆ. ನನ್ನ ಪ್ರಕಾರ ಉಲ್ಟಾ. ಜೆನಿಫರ್ ಆಕರ್ 1997ರಲ್ಲಿ ಬ್ರ್ಯಾಂಡುಗಳಿಗೆ ಜನ ಐದು ಬಗೆಯ ಸ್ವಭಾವ ಹಚ್ಚುತ್ತಾರೆ ಎಂದು ತೋರಿಸಿದರು: ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಗಟ್ಟಿತನ. (ಇವರ ತಂದೆ ಡೇವಿಡ್ ಆಕರ್ ಕೂಡ ಇದೇ ವಿಷಯದ ದೊಡ್ಡ ಹೆಸರು. ಮಿಲ್ಲಿನ ಹಾಗೆ ಇದೂ ಮನೆತನದ ಕಸುಬು!) ದಿನಾ ಉಣ್ಣುವ ಅಕ್ಕಿಯಲ್ಲಿ ಜನ ಹುಡುಕುವುದು ಮೊದಲನೆಯದನ್ನು. ನೀಲಿ-ಬಂಗಾರದ ಚೀಲ ಹೇಳುತ್ತಿರುವುದು ನಾಲ್ಕನೆಯದನ್ನು. ಆ ಚೀಟಿ ನಿಮ್ಮನ್ನು ಮೊದಲನೆಯದರ ಕಡೆ ತರುತ್ತದೆ.

ಗಿಳಿಯನ್ನು ವಾಪಸ್ ತನ್ನಿ. ಮೊದಲಿದ್ದ ಜಾಗದಲ್ಲೇ, ಮೊದಲಿದ್ದಷ್ಟೇ ದೊಡ್ಡದಾಗಿ. ಕೆಂಪು ಅಕ್ಷರವನ್ನೂ ತನ್ನಿ. ಅಕ್ಷರದ ಅಂದ, ಹೊಲಿಗೆ, ಚೀಲದ ಹೊಳಪು ಸುಧಾರಿಸುವುದಿದ್ದರೆ ಸುಧಾರಿಸಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಇಂಗ್ಲಿಷ್ ಹೆಸರು ಬೇಕೇ ಬೇಕೆಂದರೆ ಹಿಂಬದಿಗೆ ಹಾಕಿ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ.

ವಾಪಸ್ ತರುವ ಮೊದಲು ಗಿಳಿಯನ್ನು ಟ್ರೇಡ್‌ಮಾರ್ಕ್ ಮಾಡಿಸಿ. ನಿಮ್ಮ ತಂದೆಯವರು ಮಾಡಿಸಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಕಾರಣ ಊಹಿಸಬಲ್ಲೆ. 2017ರಲ್ಲಿ ಜಿಎಸ್‌ಟಿ ಬಂದಾಗ ರಿಜಿಸ್ಟರ್ ಆದ ಬ್ರ್ಯಾಂಡಿನ ಅಕ್ಕಿ ಪ್ಯಾಕಿಗೆ 5% ತೆರಿಗೆ ಇತ್ತು, ಇಲ್ಲದ್ದಕ್ಕೆ ಇರಲಿಲ್ಲ. ಎಷ್ಟೋ ಮಿಲ್ಲಿನವರು ಆಗ ತಮ್ಮ ಹೆಸರಿನ ಹಕ್ಕನ್ನೇ ಬಿಟ್ಟುಕೊಟ್ಟೆವೆಂದು ಚೀಲದ ಮೇಲೆ ಅಚ್ಚು ಹಾಕಿಸಿದರು. 2022ರ ಜುಲೈ 18ರಿಂದ ಲೆಕ್ಕ ಬದಲಾಯಿತು. ಈಗ ಬ್ರ್ಯಾಂಡ್ ಇರಲಿ ಬಿಡಲಿ, 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕಿಗೆ 5%. ಎಲ್ಲರ ಚೀಲವೂ ರಾತ್ರೋರಾತ್ರಿ 26 ಕೆಜಿ ಆದದ್ದು ಅದಕ್ಕೇ ಅಲ್ವಾ? ಅಂದರೆ ಗಿಳಿಯನ್ನು ರಿಜಿಸ್ಟರ್ ಮಾಡಿಸಿದರೆ ತೆರಿಗೆ ಜಾಸ್ತಿಯಾಗುತ್ತದೆ ಎಂಬ ಭಯಕ್ಕೆ ಈಗ ಅರ್ಥವಿಲ್ಲ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ಕ್ಲಾಸುಗಳಾಗಿ ವಿಂಗಡಿಸಿದ್ದಾರೆ, ಅಕ್ಕಿ ಬರುವುದು 30ನೇ ಕ್ಲಾಸಿನಲ್ಲಿ. ವ್ಯಕ್ತಿಯ ಅಥವಾ ಸಣ್ಣ ಉದ್ಯಮದ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ ಫೀ, ಸಿಕ್ಕರೆ 10 ವರ್ಷ, ಆಮೇಲೆ ರಿನ್ಯೂ. 'ಸೋನಾ ಮಸೂರಿ', 'ಗಂಗಾವತಿ' ಎಂಬ ಪದಗಳ ಮೇಲೆ ನಿಮಗೆ ಒಬ್ಬರಿಗೇ ಹಕ್ಕು ಸಿಗುವುದಿಲ್ಲ, ಚಿತ್ರ ಮತ್ತು ಹೆಸರಿನ ಜೋಡಿಗೆ ಅರ್ಜಿ ಹಾಕಿ. ಅದಕ್ಕೂ ಮೊದಲು ಅದೇ ಕ್ಲಾಸಿನಲ್ಲಿ ಬೇರೆಯವರ ಗಿಳಿ ಇದೆಯಾ ಎಂದು ಹುಡುಕಿ. ನೀವು ಮೊದಲಿನಿಂದ ಬಳಸುತ್ತಿದ್ದೀರಿ ಎಂದು ತೋರಿಸಲು ತಂದೆಯವರ ಕಾಲದ ಬಿಲ್ಲು, ಚೀಲ ಅಚ್ಚು ಹಾಕಿಸಿದ ರಸೀದಿಗಳು ಬೇಕಾಗುತ್ತವೆ. ಹಳೇ ಕಾಗದ ಅಂತ ರದ್ದಿಗೆ ಹಾಕಿಬಿಟ್ಟೀರಿ ಜೋಕೆ.

ಉಳಿದ ನೀಲಿ ಚೀಲಗಳನ್ನು ಬಿಸಾಡಬೇಡಿ. ಕಡಿಮೆ ದರ್ಜೆಯ ಅಕ್ಕಿ ತುಂಬಿ ಖಾಲಿ ಮಾಡುವ ಆಸೆ ಬರುತ್ತದೆ, ಅದನ್ನು ಮಾತ್ರ ಮಾಡಬೇಡಿ, ಅದರ ಮೇಲೆ ನಿಮ್ಮ ಮಿಲ್ಲಿನ ಹೆಸರು ದೊಡ್ಡದಾಗಿದೆ. ಗಿಳಿಯನ್ನು ಎಂದೂ ನೋಡದ ಹೊಸ ಊರಿಗೆ, ಹೊಸ ಹೋಟೆಲ್‌ಗಳಿಗೆ ಕಳಿಸಿ. ಹಳೇ ಗಿರಾಕಿಯ ಅಂಗಡಿಗೆ ಹೋಗುವ ನೀಲಿ ಚೀಲಕ್ಕೆ ದೊಡ್ಡ ಗಿಳಿ ಸ್ಟಿಕರ್ ಅಂಟಿಸಿದರೂ ಸದ್ಯಕ್ಕೆ ಸಾಕು. ಚೀಲ ಪ್ರಿಂಟ್ ಮಾಡುವವರಿಗೆ ಇವತ್ತೇ ಫೋನ್ ಮಾಡಿ, ಹಳೇ ಗಿಳಿಯನ್ನು ಅಚ್ಚು ಹಾಕುವ ಸಿಲಿಂಡರ್ ಇನ್ನೂ ಇಟ್ಟಿದ್ದಾರಾ ಕೇಳಿ. ಇಲ್ಲ ಎಂದರೆ ಹೊಸದು ಮಾಡಿಸುವಾಗ ವಾಟ್ಸಾಪ್ ಫೋಟೋ ಕಳಿಸಬೇಡಿ, ಹಳೇ ಚೀಲವನ್ನೇ ಕೈಯಲ್ಲಿ ಕೊಟ್ಟು ಬನ್ನಿ. ಫೋನಿನ ಪರದೆಯಲ್ಲಿ ಹಸಿರು ಬೇರೆಯೇ ಕಾಣುತ್ತದೆ.